ಅಟ್ಟಕ್ಕೆ ಹಾಕಬೇಕಿದ್ದ ಕ್ಯಾಮೆರಾ

ಮೂರು ದಿನ ಬೇಕು ಅಂದಿದ್ದೆ. ಕೇಳಿ ಪಡೆದದ್ದಲ್ಲ, ಜಗಳ ಆಡಿ ಕಿತ್ತುಕೊಂಡದ್ದು. "ಮೂರು ದಿನದಲ್ಲಿ ನಂದು ಅಂತ ಹೇಳ್ಕಳೋ ಒಂದೇ ಒಂದು ಫೋಟೋ ಸಿಗ್ಲಿಲ್ಲ ಅಂದ್ರೆ ಕ್ಯಾಮೆರಾ ಅಟ್ಟಕ್ಕೆ ಹಾಕ್ತೀನಿ. ಆಮೇಲೆ ಈ ಸುದ್ದಿನೇ ಎತ್ತಲ್ಲ" ಎಂದು ಗಂಡನಿಗೆ ಹೇಳಿ ಸಾಗರದ ಬಸ್ ಸ್ಟ್ಯಾಂಡಿಗೆ ನಡೆದೆ. ಇವರು ಅಂಗಡಿಯ ಬೀಗದ ಕೈ ತೆಗೆದುಕೊಂಡು ಹೊರಟರು. ಅತ್ತೆ ಮಾತ್ರ, "ದೋಸೆ ಹಿಟ್ಟು ಎಷ್ಟು ದಿನಕ್ಕೆ ರುಬ್ಬಿಟ್ಟೀಯೇ?" ಎಂದು ಕೇಳಿದರು.

ಮದುವೆಗೆ ಮುಂಚೆ ನಾನು ತೆಗೆದ ಫೋಟೋಗಳನ್ನು ಕಾಲೇಜಿನ ಗೋಡೆಗೆ ಹಾಕಿದ್ದರು. ಜನ ನಿಂತು ನೋಡಿದ್ದರು. ಆಮೇಲೆ ಅದೇ ಕಣ್ಣಿಗೆ ಸಿಕ್ಕಿದ್ದು ನೆಂಟರ ನಾಮಕರಣ, ಗೃಹಪ್ರವೇಶ, ಹುಟ್ಟುಹಬ್ಬದ ಕೇಕು. ಹೇಗೂ ಮನೆಯಲ್ಲಿ ಇದ್ದಾಳಲ್ಲ, ತೆಗೀತಾಳೆ ಬಿಡು! ತೆಗೆದೆ. ಇಪ್ಪತ್ತು ವರ್ಷ ತೆಗೆದೆ. ಈಚೆಗೆ ಒಂದು ಭಯ ಹೊಕ್ಕಿತ್ತು. ಏನನ್ನು ನೋಡಿದರೂ ಏನೂ ಅನ್ನಿಸುತ್ತಿರಲಿಲ್ಲ. ಕಣ್ಣು ಕಾಣುತ್ತಿತ್ತು, ಅಷ್ಟೇ.

ಮೊದಲ ದಿನ ಲಿಂಗನಮಕ್ಕಿಯ ಹಿನ್ನೀರಿನ ದಂಡೆಯಲ್ಲಿ ಬಿಸಿಲಿಗೆ ಬೆಂದೆ. ನೀರು ಇಳಿದು ಬಿರುಕುಬಿಟ್ಟ ನೆಲ, ಒಣಮರದ ಬೊಡ್ಡೆ, ದೋಣಿ. ಸಂಜೆ ಕೂತು ನೋಡಿದರೆ ಎಲ್ಲವೂ ಕ್ಯಾಲೆಂಡರಿನ ಚಿತ್ರಗಳು. ಯಾರು ಬೇಕಾದರೂ ತೆಗೆಯಬಹುದು. ಎಲ್ಲವನ್ನೂ ಅಳಿಸಿ ಹಾಕಿದೆ. ನಡುನಡುವೆ ಮನೆಯಿಂದ ಫೋನು. ಮಿಕ್ಸಿ ಜಾರಿನ ಮುಚ್ಚಳ ಎಲ್ಲಿ? ಮಗಳ ಬಿಳೀ ಚೂಡಿದಾರ ಎಲ್ಲಿ? ರೇಗಿಹೋಗಿ ಫೋನ್ ಸ್ವಿಚ್ ಆಫ್ ಮಾಡಿದೆ.

ಎರಡನೆಯ ದಿನ ಹೊಸನಗರದ ಮೇಲೆ ಮಾಸ್ತಿಕಟ್ಟೆಯ ಕಡೆ ಹೋದೆ. ರಸ್ತೆ ಬದಿಯ ಒಂದು ಮನೆಯಲ್ಲಿ ನೀರು ಕೇಳಿದೆ. ಅಂಗಳದ ಚಪ್ಪರದಡಿ ಹೆಂಗಸರು ಹಲಸಿನ ಹಪ್ಪಳ ಒತ್ತುತ್ತಿದ್ದರು. ಚಾಪೆಯ ಮೇಲೆ ಸಾಲಾಗಿ ಹಪ್ಪಳ, ಮೇಲಿಂದ ಸೋಸಿ ಬೀಳುವ ಬಿಸಿಲು, ಎಣ್ಣೆ ಮೆತ್ತಿದ ಕೈಗಳು. ಸಿಕ್ಕಿತು ಅನ್ನಿಸಿತು. ಕೈ ಚೀಲದ ಕಡೆ ಹೋಯಿತು.

"ಬನ್ನಿ, ಕೂತ್ಕಳಿ. ನಿತ್ಕಂಡು ಎಂತ ಮಾಡ್ತೀರಿ?" ಎಂದು ಮನೆಯಾಕೆ ಮಣೆ ಸರಿಸಿ ನನ್ನ ಮುಂದೊಂದು ಹಿಟ್ಟಿನ ಉಂಡೆ ಇಟ್ಟರು. ನಮ್ಮ ಕಡೆ ಹಪ್ಪಳದ ಮನೆಗೆ ಹೋದವಳು ಕೈ ಕಟ್ಟಿ ಕೂರುವುದುಂಟೆ? ಎರಡು ಒತ್ತಿಕೊಟ್ಟು ಏಳೋಣ ಎಂದು ಕೂತೆ. ಪ್ಲಾಸ್ಟಿಕ್ ಹಾಳೆಗಳ ನಡುವೆ ಉಂಡೆ ಇಟ್ಟು, ಮೇಲಿಂದ ಇನ್ನೊಂದು ಮಣೆ ಒತ್ತಿ, ಬಿಡಿಸಿ ಚಾಪೆಗೆ. ಕೈ ತನ್ನಷ್ಟಕ್ಕೆ ನಡೆಯಿತು. ಯಾವ ಮನೆ, ಯಾವ ಊರು, ಗಂಡನದು ಯಾವ ಅಂಗಡಿ ಎಂದು ಅವರು ಕೇಳಿದರು, ನಾನು ಹೇಳಿದೆ. ತಲೆ ಎತ್ತಿದಾಗ ಹಿಟ್ಟು ಮುಗಿದಿತ್ತು, ಬಿಸಿಲೂ ಸರಿದಿತ್ತು. ಕ್ಯಾಮೆರಾ ಚೀಲದಿಂದ ಹೊರಗೇ ಬಂದಿರಲಿಲ್ಲ.

ಆಗ ನನಗೆ ಅಳು ಬಂತು. ಸಣ್ಣಗಲ್ಲ. ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಮನೆ ಬಿಟ್ಟು ಇಷ್ಟು ದೂರ ಬಂದರೂ ನನ್ನ ಕೈ ಮನೆಯಲ್ಲೇ ಇತ್ತು. ಇನ್ನೇನು ಉಳಿದಿದೆ ನನ್ನಲ್ಲಿ?

"ಎಂತಾಯ್ತು ಮಾರಾಯ್ತಿ? ಮನೇಲಿ ಹೇಳಿ ಬಂದ್ರಾ?" ಎಂದರು ಆಕೆ.

"ಹೇಳೇ ಬಂದಿದ್ದು. ಫೋಟೋ ತೆಗೆಯಕ್ಕೆ."

"ಫೋಟೋಕ್ಕೆ ಯಾರಾದ್ರೂ ಹಿಂಗೆ ಅಳ್ತಾರಾ?"

ಬಿಡಿಸಿ ಹೇಳುವ ತಾಳ್ಮೆ ಇರಲಿಲ್ಲ. ನಾಳೆ ಬೆಳಿಗ್ಗೆ ತೀರ್ಥಹಳ್ಳಿಯಲ್ಲಿ ಹೊಳೆ ಹತ್ತಿರ ಹೋಗುತ್ತೇನೆ, ಅಲ್ಲಿಗೆ ಎಲ್ಲ ಮುಗೀತು ಎಂದೆ. ಕೊನೆಯ ದಿನದ ಮಾತು ಅದು. ಕ್ಯಾಮೆರಾದ ಮಾತು. ಆಕೆ ನನ್ನ ಮುಖವನ್ನೇ ನೋಡಿದರು. ಹಪ್ಪಳದ ಕಟ್ಟು ಕೈಗಿಟ್ಟು, ಬಸ್ಸಿನವರೆಗೂ ಬಂದು ಕಳಿಸಿದರು.

ನಾನು ಬಸ್ಸು ಹತ್ತಿದ ಮೇಲೆ ಆಕೆ ಸುಮ್ಮನೆ ಕೂರಲಿಲ್ಲ. ಅವರ ತಂಗಿಯ ಮಗಳನ್ನು ಸಾಗರಕ್ಕೆ ಕೊಟ್ಟಿದೆಯಂತೆ. ಆ ಹುಡುಗಿಯ ಮಾವ ನಮ್ಮ ಅಂಗಡಿಯ ಗಿರಾಕಿ. ನಮ್ಮಲ್ಲಿ ಹೀಗೆಯೇ, ಎರಡು ಫೋನು ಮಾಡಿದರೆ ಯಾರ ಮನೆಯ ಅಡುಗೆಮನೆಗೆ ಬೇಕಾದರೂ ಸುದ್ದಿ ಮುಟ್ಟುತ್ತದೆ. "ನಿಮ್ಮನೆ ಹೆಂಗಸು ಅಳ್ತಾ ತೀರ್ಥಹಳ್ಳಿ ಹೊಳೆ ಕಡೆ ಹೊರಟಾರೆ."

ಆಗ ನನಗೆ ಇದ್ಯಾವುದೂ ಗೊತ್ತಿರಲಿಲ್ಲ, ಫೋನ್ ಇನ್ನೂ ಆಫ್ ಇತ್ತು. ಮರುದಿನ ಬೆಳಿಗ್ಗೆ ತುಂಗೆಯ ನಡುವಿನ ಬಂಡೆಯ ಮೇಲೆ ಕ್ಯಾಮೆರಾ ಹಿಡಿದು ಕೂತಿದ್ದೆ. ಬಂಡೆ ಬಂಡೆಯಾಗಿತ್ತು, ನೀರು ನೀರಾಗಿತ್ತು. ಗುಂಡಿ ಒತ್ತಲು ಬೆರಳು ಏಳಲಿಲ್ಲ. ಅಟ್ಟದಲ್ಲಿ ಎಲ್ಲಿಡುವುದು ಎಂದು ಯೋಚಿಸತೊಡಗಿದ್ದೆ.

ಯಾರೋ ಕಲ್ಲಿನಿಂದ ಕಲ್ಲಿಗೆ ಎಡವುತ್ತ ಓಡಿ ಬರುತ್ತಿದ್ದರು. ಕ್ಯಾಮೆರಾದ ಫೈಂಡರಿಗೆ ಕಣ್ಣಿಟ್ಟು ನೋಡಿದೆ. ಇವರು! ಅಂಗಿಯ ಗುಂಡಿ ಮೇಲೆ ಕೆಳಗೆ, ಗಡ್ಡ ಬೋಳಿಸಿಲ್ಲ, ಕಾಲಲ್ಲಿ ಚಪ್ಪಲಿ ಇಲ್ಲ. ಇಪ್ಪತ್ತು ವರ್ಷ ದಿನವೂ ನೋಡಿದ ಮುಖ. ಅದರಲ್ಲಿ ಅಂಥ ಭಯವನ್ನು ನಾನು ಕಂಡೇ ಇರಲಿಲ್ಲ. ನನ್ನನ್ನು ಕಂಡು ಇವರು ನಿಂತುಬಿಟ್ಟರು. ಬಾಯಿ ತೆರೆದರು. ನಾನು ಒತ್ತಿದೆ.

ಒತ್ತಿದ ಕೂಡಲೇ ಗೊತ್ತಾಯಿತು, ಇದು ನನ್ನದು ಎಂದು. ಏನಾಗಿದೆ, ಯಾಕೆ ಬಂದಿದ್ದಾರೆ ಎಂದು ಕೇಳುವ ಮೊದಲೇ ನನಗೆ ಖುಷಿಯಾಗಿತ್ತು. ಸುಳ್ಳು ಹೇಳುವುದಿಲ್ಲ, ಕುಣಿಯುವಷ್ಟು ಖುಷಿ.

ಇವರು ಬಂದು ಪಕ್ಕದಲ್ಲಿ ಕುಸಿದು ಕೂತರು. ಉಸಿರು ಹದಕ್ಕೆ ಬಂದ ಮೇಲೆ ಆ ಹೆಂಗಸಿನ ಫೋನಿನ ಕತೆ ಹೇಳಿದರು. ನಾನು ನಗಲು ಹೋದೆ.

"ನಗಬೇಡ," ಅಂದರು. "ಖರೆ ಹೇಳು. ಫೋಟೋಕ್ಕೇ ಬಂದಿದ್ದು ತಾನೆ ನೀನು?"

ಹೌದು ಅನ್ನಬೇಕಿತ್ತು. ಒಂದು ಪದ. ಅದು ಬಾಯಿಗೆ ಬರುವಷ್ಟರಲ್ಲಿ ಹೊಳೆಯ ಸದ್ದು ನಮ್ಮಿಬ್ಬರ ನಡುವೆ ಬಹಳ ಹೊತ್ತು ಕೇಳಿಸಿತು.

"ಹೌದು," ಅಂದೆ.

ನನ್ನ ಕುತ್ತಿಗೆಯಲ್ಲಿದ್ದ ಕ್ಯಾಮೆರಾದ ಪಟ್ಟಿಯನ್ನು ಇವರು ಮುಷ್ಟಿಯಲ್ಲಿ ಹಿಡಿದುಕೊಂಡರು. ಬಿಸಿಲು ನೆತ್ತಿಗೆ ಬಂದರೂ ಬಿಡಲಿಲ್ಲ.