ಕಾರು ಮೇಡಂದು, ಒಪ್ಪಿಗೆ ಸರ್‌ದು

ಕಳೆದ ವಾರ ಹೊನ್ನಾವರದಲ್ಲಿ ನನ್ನದೇ ಕಾರು ನನಗೆ ಗುರುತು ಸಿಗಲಿಲ್ಲ.

ಅದಕ್ಕೆ ಮೂರು ದಿನ ಮೊದಲು ನಾನೇ ಓಡಿಸಿಕೊಂಡು ಹೋಗಿ ಹೆದ್ದಾರಿ ಬದಿಯ ಒಂದು ಕಾರ್ ಆಕ್ಸೆಸರೀಸ್ ಅಂಗಡಿಯಲ್ಲಿ ಬಿಟ್ಟುಬಂದಿದ್ದ ಕಾರು. ಅಚ್ಚ ಕೆಂಪು. ಭಟ್ಕಳದಲ್ಲಿ ಕೆಲಸ ಮುಗಿಸಿ, ಬಸ್ಸು ಹತ್ತಿ ಬಂದು, ಇಳಿದು ಒಳಗೆ ಕಾಲಿಟ್ಟರೆ ಎದುರಿಗೆ ಯಾರದೋ ಗಾಡಿ ನಿಂತಿದೆ. ಬಾನೆಟ್ಟು ಬಿಸಿಲು ತಿಂದ ಹಳೇ ಹೆಂಚಿನ ಬಣ್ಣ. ಹೊಳಪಿಲ್ಲ, ಜೀವ ಇಲ್ಲ. ನನ್ನ ಕಾರು ಎಲ್ಲಿ ಅಂತ ಕೇಳಿದೆ. ಅಂಗಡಿಯ ಮಾಲೀಕ ಪ್ರಶಾಂತ ಹಲ್ಲು ಕಿರಿದು ಅದನ್ನೇ ತೋರಿಸಿದ. ನಂಬರ್ ಪ್ಲೇಟ್ ನೋಡಿದೆ. ನನ್ನದೇ.

ಹಿಂದೆ ಹೋಗಿ ನೋಡಿದರೆ ಡಿಕ್ಕಿ, ಹಿಂದಿನ ಬಾಗಿಲು ಎಲ್ಲ ಮೊದಲಿನಂತೆಯೇ ಪಳಪಳ ಹೊಳೆಯುತ್ತಿವೆ. ಅಂದರೆ ಮುಂದೆ ಹೆಂಚು, ಹಿಂದೆ ಕಾರು. ಇದಕ್ಕೆ ಪ್ರಶಾಂತ ಒಂದು ಹೆಸರನ್ನೂ ಇಟ್ಟಿದ್ದ. ಡ್ಯುಯಲ್ ಟೋನ್ ಅಂತೆ.

ಏನಾಯಿತು ಅಂತ ಮೊದಲಿಂದ ಹೇಳುತ್ತೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಮಾತು ಸ್ವಲ್ಪ ಖಾರವಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕುಮಟಾದಿಂದ ಭಟ್ಕಳಕ್ಕೆ ಹದಿಮೂರು ವರ್ಷ ಬಸ್ಸಿನಲ್ಲಿ ಓಡಾಡಿದವಳು ನಾನು. ಬ್ಯಾಂಕಿನ ಕೆಲಸ. ಬೆಳಿಗ್ಗೆ ನಿಂತುಕೊಂಡು ಹೋಗುವುದು, ಸಂಜೆ ನಿಂತುಕೊಂಡು ಬರುವುದು. ಮೊಣಕಾಲು ಮುಷ್ಕರ ಹೂಡಿದ ಮೇಲೆ ಡ್ರೈವಿಂಗ್ ಕಲಿತೆ. ನಮ್ಮನೆಯವರೂ ನನ್ನ ಜೊತೆಗೇ ಕಲಿಯಲು ಸೇರಿದ್ದರು. ಎರಡನೇ ದಿನ ಕ್ಲಚ್ಚಿಗೂ ಬ್ರೇಕಿಗೂ ಜಗಳ ಹಚ್ಚಿ, ನಂಗೆ ಸ್ಕೂಟರೇ ಸಾಕು ಅಂತ ಕೈಮುಗಿದು ಬಂದರು. (ಅವರು ಹೈಸ್ಕೂಲ್ ಮಾಸ್ತರು. ಭೂಮಿ ಸೂರ್ಯನ ಸುತ್ತ ಹೇಗೆ ತಿರುಗುತ್ತದೆ ಅಂತ ಚೆನ್ನಾಗಿ ಹೇಳುತ್ತಾರೆ. ಸ್ಟೀರಿಂಗ್ ತಿರುಗಿಸುವುದು ಮಾತ್ರ ಆಗಲಿಲ್ಲ.)

ನಂತರ ನನ್ನ ಸಂಬಳದಲ್ಲಿ, ನನ್ನ ಹೆಸರಿನಲ್ಲಿ ಕಾರು ತೆಗೆದುಕೊಂಡೆ. ಬಣ್ಣದ ಬಗ್ಗೆ ಊರೆಲ್ಲ ಸಲಹೆ ಕೊಟ್ಟಿತು. ಬಿಳಿ ತಗೊ, ಧೂಳು ಕಾಣಿಸುವುದಿಲ್ಲ. ಬಿಳಿ ತಗೊ, ನಾಳೆ ಮಾರುವಾಗ ಸುಲಭ. ಅಲ್ಲ, ಇನ್ನೂ ಕೊಂಡೇ ಇಲ್ಲ, ಆಗಲೇ ಮಾರುವ ಚಿಂತೆ ಯಾಕೆ? ನನಗೆ ಕೆಂಪು ಬೇಕಿತ್ತು. ಕಾರಣ ಕೇಳಿದರೆ ಇಲ್ಲ. ಬೇಕಿತ್ತು ಅಷ್ಟೆ. ಜೀವಮಾನದಲ್ಲಿ ಕಾರಣ ಕೊಡದೆ ನಾನು ಆರಿಸಿದ ವಸ್ತು ಅದೊಂದೇ ಇರಬೇಕು.

ಪೂಜೆ ಮಾಡಿಸಿ ವಾರ ಆಗಿರಲಿಲ್ಲ. ನಮ್ಮ ಹೆದ್ದಾರಿ ಗೊತ್ತಲ್ಲ? ಅಗಲ ಮಾಡುತ್ತಲೇ ಇದ್ದಾರೆ, ಮಾಡುತ್ತಲೇ ಇರುತ್ತಾರೆ. ಜಲ್ಲಿ ತುಂಬಿದ ಟಿಪ್ಪರುಗಳು ಮೇಲೆ ಒಂದು ಹಾಳೆಯನ್ನೂ ಮುಚ್ಚದೆ ಮುಂದೆ ಹಾರುತ್ತವೆ. ಅಂಥದ್ದೊಂದರ ಹಿಂದಿದ್ದಾಗ 'ಟಣ್' ಅಂತ ಸದ್ದಾಯಿತು. ಮನೆಗೆ ಬಂದು ನೋಡಿದರೆ ಬಾನೆಟ್ಟಿನ ಮೇಲೆ ಎಳ್ಳಿನಷ್ಟು ಬಣ್ಣ ಹಾರಿತ್ತು. ಆ ರಾತ್ರಿ ನನಗೆ ಅನ್ನ ರುಚಿಸಲಿಲ್ಲ. ನಗಬೇಡಿ. ಹದಿಮೂರು ವರ್ಷ ನಿಂತು ಓಡಾಡಿದವರಿಗೆ ಗೊತ್ತಾಗುತ್ತದೆ.

ಆಗ ತಲೆಗೆ ಹೊಕ್ಕಿದ್ದು ಈ ಪಿಪಿಎಫ್. ಕಾರಿನ ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಫಿಲ್ಮು. ಕಲ್ಲು ಸಿಡಿದರೆ ಏಟು ತಾನು ತಿಂದು ಬಣ್ಣವನ್ನು ಉಳಿಸುತ್ತದೆ. ನಾನು ಸುಮ್ಮನೆ ಹೋಗಿ ಅಂಟಿಸಿಕೊಂಡು ಬರುವವಳಲ್ಲ. ಹದಿನೈದು ದಿನ ಓದಿದೆ, ವಿಡಿಯೋ ನೋಡಿದೆ. ಅಗ್ಗದ ಪಿವಿಸಿ ಫಿಲ್ಮು ಹಳದಿ ತಿರುಗುತ್ತದೆ, ಟಿಪಿಯು ಆದರೆ ತಡೆಯುತ್ತದೆ. ಸಣ್ಣ ಗೀರು ಬಿದ್ದರೆ ಬಿಸಿನೀರು ಸುರಿದಾಗ ತಾನೇ ಮಾಯುತ್ತದೆ. ಕಾರಿನ ಮೇಲಿಟ್ಟು ಬ್ಲೇಡಿನಲ್ಲಿ ಕತ್ತರಿಸುವುದಕ್ಕಿಂತ ಅಳತೆಗೆ ಸರಿಯಾಗಿ ಮಷೀನಿನಲ್ಲಿ ಕತ್ತರಿಸಿ ತಂದದ್ದು ವಾಸಿ. ಹೊಳಪಿನದೂ ಇದೆ, ಹೊಳಪು ಕೊಲ್ಲುವ ಮ್ಯಾಟ್ ಕೂಡ ಇದೆ. ನನಗೆ ಹೊಳಪಿನದು, ಅದೂ ಮುಂಭಾಗಕ್ಕೆ ಮಾತ್ರ ಅಂತ ತೀರ್ಮಾನಿಸಿಕೊಂಡೇ ಹೊರಟೆ.

ಶನಿವಾರ ಕಾರು ಬಿಡಲು ಹೋದಾಗ ನಮ್ಮನೆಯವರು ಸ್ಕೂಟರಿನಲ್ಲಿ ಹಿಂದೆ ಬಂದರು. ನನ್ನನ್ನು ವಾಪಸ್ ಕರೆದುಕೊಂಡು ಹೋಗಲು. ಅಷ್ಟೇ ಅವರ ಕೆಲಸ.

ಪ್ರಶಾಂತ ಕುರ್ಚಿ ತಂದ. ಒಂದು. 'ಕೂತ್ಕಳಿ ಸರ್.'

ಆಮೇಲೆ ಶುರುವಾಯಿತು ನೋಡಿ. ಪ್ರಶ್ನೆ ನನ್ನ ಬಾಯಿಂದ ಹೊರಡುತ್ತದೆ, ಉತ್ತರ ಅವರ ಕಿವಿಗೆ ಹೋಗುತ್ತದೆ. ಅಂಚನ್ನು ಒಳಕ್ಕೆ ಮಡಚಿ ಅಂಟಿಸುತ್ತೀರಾ ಅಂತ ನಾನು ಕೇಳಿದರೆ, ಹೌದು ಸರ್, ಮಡಚಿಯೇ ಹಾಕೂದು ಸರ್ ಅಂತ ಅವರಿಗೆ ಹೇಳುತ್ತಾನೆ. ಉಪ್ಪುಗಾಳಿಗೆ ಅಂಚು ಏಳುವುದಿಲ್ಲವಾ ಅಂತ ನಾನು ಕೇಳಿದರೆ, ಅವರ ಕಡೆ ತಿರುಗಿ ಸಮುದ್ರದ ಬಗ್ಗೆ ಪಾಠ. ಗೀರು ಮಾಯುವ ಆಟವನ್ನೂ ತೋರಿಸಿದ. ತಂತಿ ಬ್ರಷ್ಷನ್ನು ಅವರ ಕೈಗೇ ಕೊಟ್ಟು, ತಿಕ್ಕಿ ನೋಡಿ ಸರ್ ಅಂದ. ಇವರು ಹುಡುಗರ ಹಾಗೆ ಖುಷಿಯಲ್ಲಿ ತಿಕ್ಕಿದರು. ಆಮೇಲೆ ಒಂದು ಜ್ಞಾನದ ಪ್ರಶ್ನೆ ಕೇಳಿದರು: 'ಇದು ಮೊಬೈಲಿಗೆ ಹಾಕೂ ಸ್ಕ್ರೀನ್‌ಗಾರ್ಡ್ ನಮೂನಿಯದಾ?' ಭಾಳ ಚಲೋ ಹೇಳಿದ್ರಿ ಸರ್ ಅಂದ ಪ್ರಶಾಂತ.

ಹದಿನೈದು ದಿನ ಓದಿದವಳು ಅಲ್ಲಿ ಟೈರಿನ ಪಕ್ಕದಲ್ಲಿ ನಿಂತಿದ್ದೆ.

ಕೊನೆಗೆ ಒಂದು ಚೀಟಿ ತುಂಬಿಸಿದ. ಹೊಳಪಿನ ಫಿಲ್ಮು, ಮುಂಭಾಗ ಮಾತ್ರ ಅಂತ ನಾನೇ ಓದಿ ನೋಡಿದೆ. ನನ್ನ ಹೆಸರು, ನನ್ನ ನಂಬರು ಬರೆಸಿದೆ. ಸರ್ ನಂಬರೂ ಒಂದು ಇರಲಿ ಮೇಡಂ, ಎಂತಾದ್ರೂ ಕೇಳೂದಿದ್ರೆ ಅಂದ. ಕೊಟ್ಟೆ. ಹತ್ತು ಅಂಕಿ, ಗಿಳಿಯ ಹಾಗೆ ಒಪ್ಪಿಸಿದೆ.

ಈಗ ನನ್ನ ಮೇಲೆ ನನಗೆ ಬರುವ ಸಿಟ್ಟು ಕೇಳಿ. ಬ್ಯಾಂಕಿನ ಕೌಂಟರಿನಲ್ಲಿ ಕೂತು ನಾನು ದಿನವೂ ಮಾಡುವ ಉಪದೇಶ ಯಾವುದು ಗೊತ್ತಾ? ಅರ್ಜಿ ತುಂಬುವ ಹೆಂಗಸರು ಮೊಬೈಲ್ ನಂಬರಿನ ಜಾಗದಲ್ಲಿ ಗಂಡನ ನಂಬರು ಬರೆಯುತ್ತಾರೆ. ಗಂಡ ಬೋಟಿನಲ್ಲಿ ಸಮುದ್ರದ ನಡುವೆ, ಓಟಿಪಿ ಅಲ್ಲಿಗೆ ಹೋಗುತ್ತದೆ, ಇವರು ಇಲ್ಲಿ ಕೈಕಟ್ಟಿ ನಿಲ್ಲುತ್ತಾರೆ. ನಿಮ್ಮ ನಂಬರು ಯಾಕಮ್ಮಾ ಕೊಡಲ್ಲ, ಖಾತೆ ನಿಮ್ಮದಲ್ಲವಾ ಅಂತ ಗಂಟಲು ಹರಿದುಕೊಳ್ಳುತ್ತೇನೆ. ಅದೇ ನಾನು, ಯಾರೋ ಕೇಳಿದ ಅಂತ, ಯಾಕೆ ಅಂತ ಒಂದು ಮಾತು ಕೇಳದೆ ಕೊಟ್ಟುಬಂದೆ. ನನಗೆ ಯಾರು ಉಪದೇಶ ಮಾಡಬೇಕು?

ಮತ್ತೆ ಕಾರು ತರಲು ಹೋದ ಆ ಮಂಗಳವಾರ ಸಂಜೆಗೆ ಬನ್ನಿ. ಹೆಂಚಿನ ಬಣ್ಣದ ಬಾನೆಟ್ಟಿನ ಎದುರು ನಾನು. ಮೈಯೆಲ್ಲ ಉರಿಯುತ್ತಿದೆ. ಇದು ಮ್ಯಾಟ್ ಫಿಲ್ಮಲ್ಲವಾ, ನಾನು ಹೇಳಿದ್ದು ಹೊಳಪಿನದಲ್ಲವಾ ಅಂತ ಕೇಳಿದೆ.

ಹೊಳಪಿನ ರೋಲು ಹುಬ್ಬಳ್ಳಿಯಿಂದ ಬರಲಿಲ್ಲವಂತೆ. ಬೇರೆ ಯಾರಿಗೋ ತರಿಸಿದ್ದ ಮ್ಯಾಟ್ ಉಳಿದಿತ್ತಂತೆ. ಮುಂದೆ ಮ್ಯಾಟ್, ಹಿಂದೆ ಹೊಳಪು, ಈಗ ಇದೇ ಫ್ಯಾಷನ್ ಅಂತೆ.

'ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವಾ?'

'ಕೇಳಿದ್ನಲ ಮೇಡಂ. ಸರ್‌ಗೆ ಫೋನ್ ಮಾಡಿದ್ದೆ. ಸರ್ ಆತು ಅಂದ್ರು.'

ಅವನ ಮುಖದಲ್ಲಿ ತಪ್ಪು ಮಾಡಿದ ಗುರುತೇ ಇಲ್ಲ. ಅದು ನನ್ನನ್ನು ಇನ್ನೂ ಕೆರಳಿಸಿತು. ಸುಳ್ಳು ಹೇಳುತ್ತಿದ್ದರೆ ಹಿಡಿಯಬಹುದಿತ್ತು. ಕೇಳಬೇಕಾದವರನ್ನು ಕೇಳಿದ್ದೇನೆ ಅಂತ ಅವನು ಪ್ರಾಮಾಣಿಕವಾಗಿಯೇ ನಂಬಿದ್ದ. ಚೀಟಿ ತೆಗೆಸಿದೆ. ಹೆಸರು ನನ್ನದು, ಮೇಲಿನ ನಂಬರು ನನ್ನದು, ಬರೆದದ್ದು ಹೊಳಪಿನ ಫಿಲ್ಮು. ಬೆರಳಿಟ್ಟು ತೋರಿಸಿದೆ. ಹೌದು ಮೇಡಂ, ಹೌದು ಮೇಡಂ ಅಂತ ತಲೆಯಾಡಿಸಿದ. ಹಾಗಾದರೆ ಇದನ್ನು ಕೀಳಿಸಿ, ಹೇಳಿದ್ದನ್ನು ಹಾಕಿ ಅಂದೆ.

ಅದಕ್ಕೆ ಅವನು ಕೊಟ್ಟ ಉತ್ತರ ಅಕ್ಷರ ಬಿಡದೆ ಬರೆಯುತ್ತೇನೆ. 'ಅಡ್ಡಿಲ್ಲ ಮೇಡಂ. ಸರ್ ಒಂದ್ಮಾತು ಹೇಳ್ಲಿ. ಇಲ್ದಿದ್ರೆ ನಾಳೆ ಅವ್ರು ನಂಗೆ ಬೈತ್ರು.'

ಕೇಳಿದಿರಾ? ಕಾರು ನನ್ನದು. ಓಡಿಸುವವಳು ನಾನು. ಕಣ್ಣೆದುರಿಗೆ ನಿಂತು ಕೇಳುತ್ತಿರುವವಳು ನಾನು. ಬೈಯುತ್ತಿರುವವಳೂ ನಾನೇ, ಅದೂ ಸಣ್ಣ ದನಿಯಲ್ಲೇನಲ್ಲ. ಆದರೆ ಅವನಿಗೆ ಹೆದರಿಕೆ, ಇಪ್ಪತ್ತು ಕಿಲೋಮೀಟರ್ ದೂರದ ಕುಮಟಾದಲ್ಲಿ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿರುವ, ಜೀವಮಾನದಲ್ಲಿ ಯಾರಿಗೂ ಬೈಯದ ಒಬ್ಬ ಮಾಸ್ತರದ್ದು.

ಇದು ಪ್ರಶಾಂತನೊಬ್ಬನ ರೋಗ ಅಂದುಕೊಳ್ಳಬೇಡಿ. ನೀರಿನ ಪಂಪು ಕೆಟ್ಟು ಮೆಕ್ಯಾನಿಕ್ ಬಂದರೆ ಅಡುಗೆಮನೆಯಿಂದ ಅಂಗಳದವರೆಗೆ ಪೈಪು ಎಲ್ಲಿ ಹೋಗಿದೆ ಅಂತ ಗೊತ್ತಿರುವುದು ನಮಗೆ, ಅವನು ಹುಡುಕುವುದು ಗಂಡಸರನ್ನು. ಹೋಟೆಲಿನಲ್ಲಿ ಬಿಲ್ಲು ತರಿಸಿದವಳು ನಾನಾದರೂ ತಟ್ಟೆ ಇಡುವುದು ಅವರ ಮುಂದೆ. ನನ್ನ ಸಹೋದ್ಯೋಗಿ ಫರೀದಾ ಭಟ್ಕಳದವಳು, ಗಂಡ ದುಬೈಯಲ್ಲಿ. ಮನೆಗೆ ಎಸಿ ಕೂರಿಸಲು ಬಂದವನು, ಯಾವ ಗೋಡೆಗೆ ಅಂತ ಇವಳು ತೋರಿಸಿದ ಮೇಲೂ, ಸಾಹೇಬರಿಗೆ ಒಂದು ವಿಡಿಯೋ ಕಾಲ್ ಮಾಡಿ ಅಂದನಂತೆ. ಆ ಗೋಡೆಯ ಕೆಳಗೆ ಮಲಗುವವಳು ಇವಳು. ಹೇಳುವಾಗ ಅವಳು ನಕ್ಕಳು, ನಾನೂ ನಕ್ಕಿದ್ದೆ. ಈಗ ಯಾಕೆ ನಕ್ಕೆ ಅನ್ನಿಸುತ್ತಿದೆ.

ಕೆಲವರು ಹೇಳುತ್ತಾರೆ, ಅದು ಮರ್ಯಾದೆ, ಹೆಂಗಸರ ಹತ್ತಿರ ನೇರ ಮಾತಾಡಲು ಸಂಕೋಚ ಅಂತ. ಎಂಥಾ ಮರ್ಯಾದೆ ಮಾರಾಯರೇ? ಮುಂಗಡ ಕೊಡುವಾಗ ಪ್ರಶಾಂತನ ಸಂಕೋಚ ಎಲ್ಲಿ ಹೋಗಿತ್ತು? ನನ್ನ ಫೋನಿನ ಮುಂದೆಯೇ ಕ್ಯೂಆರ್ ಕೋಡ್ ಹಿಡಿದಿದ್ದನಲ್ಲ?

ಇರಲಿ. ಮಂಗಳವಾರ ಸಂಜೆ ನನಗೆ ಬೇರೆ ದಾರಿ ಕಾಣಲಿಲ್ಲ. ಹಲ್ಲು ಕಚ್ಚಿಕೊಂಡು ಫೋನ್ ಮಾಡಿ, ಸ್ಪೀಕರ್ ಹಾಕಿದೆ. ನಡೆದದ್ದು ಹೇಳಿದೆ.

ನಮ್ಮನೆಯವರ ಮೊದಲ ಮಾತು: 'ನಿಂಗೆ ಹೇಳೂಕೆ ಮರ್ತೇ ಹೋಯ್ತು. ಹಾಕಿ ಆಯ್ತಲ್ಲ ಮಾಲಾ, ಬಿಡು. ಕಾಣೂಕೆ ಅಡ್ಡಿಲ್ಲ ಅಲ್ದಾ?'

ನಾನು ಮಾತಾಡಲಿಲ್ಲ. ಬಾಯಿ ಬಿಟ್ಟರೆ ಏನು ಬರುತ್ತದೋ ಅಂತ ನನಗೇ ಭಯವಾಯಿತು. ಪ್ರಶಾಂತ ಒಮ್ಮೆ ಫೋನು ನೋಡಿದ, ಒಮ್ಮೆ ನನ್ನನ್ನು. ಹತ್ತೊಂಬತ್ತು ವರ್ಷ ಸಂಸಾರ ಮಾಡಿದ ಮನುಷ್ಯ, ನಾನು ಸುಮ್ಮನಾದರೆ ಏನರ್ಥ ಅಂತ ಅವರಿಗೆ ಗೊತ್ತು. ಗಂಟಲು ಸರಿಮಾಡಿಕೊಂಡರು.

'ಪ್ರಶಾಂತ, ಕಾರು ಅವಳದ್ದು. ನಾನು ಆತು ಅಂದದ್ದೇ ತಪ್ಪು. ಅವಳು ಹೇಳ್ದ ಹಂಗೆ ಮಾಡಿ.'

ನನ್ನ ಎದೆ ಸ್ವಲ್ಪ ಹಗುರಾಯಿತು ಅನ್ನುವಷ್ಟರಲ್ಲಿ ಪ್ರಶಾಂತನ ಮುಖ ಅರಳಿತು. 'ಆತು ಸರ್. ನೀವು ಹೇಳಿದ್ಮೇಲೆ ಮತ್ತೆಂತ.' ಆಮೇಲೆ ಒಳಗಿದ್ದ ಕೆಲಸಗಾರನನ್ನು ಕೂಗಿದ. 'ಆ ಮ್ಯಾಟ್ ತೆಗ್ದುಬಿಡು. ಸರ್ ಹೇಳ್ಯಾರೆ.'

ನಾನು ಅರ್ಧ ಗಂಟೆಯಿಂದ ಅಲ್ಲಿ ಏನು ಮಾಡುತ್ತಿದ್ದೆ ಹಾಗಾದರೆ? ಭಜನೆಯಾ?

ಬಿಸಿಗಾಳಿಯ ಗನ್ನು ಹಿಡಿದು, ಅಂಚು ಎಬ್ಬಿಸಿ, ಮೆಲ್ಲಗೆ ಎಳೆದು ಆ ದರಿದ್ರ ಹಾಳೆಯನ್ನು ಕಿತ್ತರು. ನಾನು ಕೂರದೆ ನಿಂತೇ ನೋಡಿದೆ. ಕೆಳಗಿನಿಂದ ನನ್ನ ಕೆಂಪು ಗೇಣು ಗೇಣಾಗಿ ಹೊರಬಂತು. ಎಲ್ಲೂ ಬಣ್ಣ ಎದ್ದುಬರಲಿಲ್ಲ, ಪುಣ್ಯ. ಹುಬ್ಬಳ್ಳಿಯ ರೋಲು ಎರಡು ದಿನದಲ್ಲಿ ಬಂತು. (ಬರುವುದೇ ಆಗಿದ್ದರೆ ಎರಡು ದಿನ ಕಾಯಲು ಏನಾಗಿತ್ತು?) ಅಲ್ಲೇ ಬಿಟ್ಟಿದ್ದ ಕಾರು ತರಲು ಶನಿವಾರ ಹೋದೆ, ಹಿಂದಿನ ಶನಿವಾರದ ಹಾಗಲ್ಲ, ಒಬ್ಬಳೇ. ಕೆಲಸ ಚೆನ್ನಾಗಿಯೇ ಮಾಡಿದ್ದಾನೆ, ಅದನ್ನು ಇಲ್ಲ ಅನ್ನುವುದಿಲ್ಲ. ಅಂಚು ನೀಟಾಗಿದೆ, ಒಂದು ಗುಳ್ಳೆ ಇಲ್ಲ. ಫಿಲ್ಮು ಇದೆ ಅಂತಲೇ ಗೊತ್ತಾಗುವುದಿಲ್ಲ. ಚೀಟಿಯಲ್ಲಿದ್ದ ಎರಡನೇ ನಂಬರನ್ನು ನಾನೇ ಪೆನ್ನು ತೆಗೆದುಕೊಂಡು ಹೊಡೆದುಹಾಕಿದೆ. ಪ್ರಶಾಂತ ಅದನ್ನೇ ನೋಡುತ್ತಾ, ಸರ್ ಆರಾಮಾ ಅಂತ ಕೇಳಿದ.

ಮನೆಗೆ ಬಂದರೆ ನಮ್ಮನೆಯವರು ಗೇಟಿನ ಹತ್ತಿರವೇ ನಿಂತಿದ್ದರು. ಕಾರಿಗೆ ಒಂದು ಸುತ್ತು ಬಂದು, ಬಾನೆಟ್ಟಿನಲ್ಲಿ ತಮ್ಮ ಮುಖ ನೋಡಿಕೊಂಡು ಖುಷಿಪಟ್ಟರು. ನೋಡು, ಕಾರು ಅವಳದ್ದು ಅಂತ ನಾನು ಅವನಿಗೆ ಖಡಕ್ಕಾಗಿಯೇ ಹೇಳಿಬಿಟ್ಟೆ ಅಂದರು. ಪಕ್ಕದ ಮನೆಯವರಿಗೂ ಈ ಕಥೆ ಆಗಲೇ ಮುಟ್ಟಿತ್ತು. ಎಂಥಾ ಗಂಡ ಸಿಕ್ಕಿದ್ದಾರೆ ನಿನಗೆ ಅಂತ ಆ ಅಕ್ಕ ಕಾಂಪೌಂಡಿನ ಮೇಲಿಂದ ಹೇಳಿದರು. ಒಳ್ಳೆಯ ಮನುಷ್ಯರೇ, ನನಗೂ ಗೊತ್ತು. ಅವರು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು, ಏನೋ ಬರಬೇಕು ಅನ್ನುವ ಹಾಗೆ.

ಬಂತು ಕೂಡ. ಥ್ಯಾಂಕ್ಸ್ ರೀ ಅಂದೆ. ನಕ್ಕೇ ಅಂದೆ.

ಪ್ರಶಾಂತನ ಮೇಲಿನ ಸಿಟ್ಟು ನಾಳೆಯೋ ನಾಡಿದ್ದೋ ಇಳಿದೀತು. ಆದರೆ ನನ್ನ ಕಾರು ನನ್ನದು ಅಂತ ಇನ್ನೊಬ್ಬರು ಹೇಳಿದ್ದಕ್ಕೆ ನಾನು ಯಾಕೆ ಥ್ಯಾಂಕ್ಸ್ ಹೇಳಿದೆ?