ಚೆಲುವಿಯ ಬಾಸಿಂಗಗಳು

ಏನೇನು ಕೆಡಬಹುದಿತ್ತು ಎಂದರೆ: ನಾವು ಹತ್ತಿದ ಇದ್ದಿಲು ಬಸ್ಸು ಕೊಳ್ಳೇಗಾಲ ಬಿಟ್ಟು ಎರಡು ಊರು ದಾಟುವಷ್ಟರಲ್ಲಿ ಉಸಿರು ಕಟ್ಟಿ ನಿಲ್ಲಬಹುದಿತ್ತು. ಅದರ ಹಿಂದಿನ ಒಲೆಯಿಂದ ಕಿಡಿ ಹಾರಿ ಮಾವನ ತೊಡೆಯ ಮೇಲಿದ್ದ ತಗಡಿನ ಪೆಟ್ಟಿಗೆಯೊಳಕ್ಕೆ ನುಸುಳಬಹುದಿತ್ತು. ತಗಡಿನೊಳಕ್ಕೆ ಕಿಡಿ ಹೇಗೆ ನುಸುಳುತ್ತದೆ ಎಂದು ಕೇಳಬೇಡಿ, ನನ್ನ ತಲೆಯೊಳಕ್ಕಂತೂ ನುಸುಳಿತ್ತು. ಆಗ ಕೊಳ್ಳೇಗಾಲ ಮದ್ರಾಸಿನದು, ಯಳಂದೂರು ಮೈಸೂರಿನದು. ಯುದ್ಧದ ಕಾಲ ಬೇರೆ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯ ಮೇಲೆ ಓಡುತ್ತಿದ್ದವು. ಗಡಿಯಲ್ಲಿ ಪೊಲೀಸಿನವರು ನಾವು ಅಕ್ಕಿ ಕದ್ದು ಸಾಗಿಸುತ್ತಿದ್ದೇವೆಂದು ಪೆಟ್ಟಿಗೆ ಬಿಚ್ಚಿಸಬಹುದಿತ್ತು. ಬಿಚ್ಚಿದರೆ ಒಳಗೆ ಬೇವಿನ ಸೊಪ್ಪು, ಸೊಪ್ಪಿನ ನಡುವೆ ಕೆಂಪು, ನೀಲಿ, ಹಳದಿ ರಿಬ್ಬನ್ನಿನ ಹೂಗಳು. ಇವೇನು ಎಂದು ಕೇಳಿದರೆ ಮಾವ ನಿಜವನ್ನೇ ಹೇಳುತ್ತಿದ್ದರು, ಆ ನಿಜವನ್ನು ಯಾವ ಪೊಲೀಸಿನವನೂ ನಂಬುತ್ತಿರಲಿಲ್ಲ. ಯಳಂದೂರು ಮುಟ್ಟಿದ ಮೇಲೆ ಮಾವ ತಮ್ಮ ಕುದುರೆ ಕೊಂಡವರ ಬಾಗಿಲಲ್ಲೇ ಜಗಳ ತೆಗೆಯಬಹುದಿತ್ತು. ಪೆಟ್ಟಿಗೆ ಕೊಡದೆ ಹಿಂದಕ್ಕೆ ತರಬಹುದಿತ್ತು. ಕುದುರೆ ಅವರನ್ನು ಗುರುತಿಸದೆ ಹೋಗಬಹುದಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಗುರುತಿಸಿ, ಹಗ್ಗ ಕಿತ್ತುಕೊಂಡು ನಮ್ಮ ಹಿಂದೆಯೇ ಹೊರಟುಬಿಡಬಹುದಿತ್ತು. ಆಗ ಪರರಾಜ್ಯದಲ್ಲಿ ನಾವು ಕುದುರೆ ಕಳ್ಳರು.

ಇಷ್ಟನ್ನೂ ನಾನು ಹಿಂದಿನ ದಿನವೇ ಯೋಚಿಸಿ ಸಿದ್ಧವಾಗಿಟ್ಟುಕೊಂಡಿದ್ದೆ. ಈಗ ನನಗೆ ಐವತ್ತರ ಹತ್ತಿರ. ಚಿಂತೆ ಮಾಡುವುದರಲ್ಲಿ ಪಳಗಿದ ಕೈ ಎಂದು ಮನೆಯವರೇ ಒಪ್ಪುತ್ತಾರೆ. ಆದರೆ ಈ ವಿದ್ಯೆ ತಾನಾಗಿ ಬಂದದ್ದಲ್ಲ. ಅಜ್ಜೀಪುರದ ನನ್ನ ಸೋದರಮಾವ ಗುರುಮಲ್ಲಪ್ಪನವರಿಂದ ಬಂದದ್ದು. ವ್ಯತ್ಯಾಸ ಇಷ್ಟೆ: ನನ್ನದು ಕೂತು ಮಾಡುವ ಚಿಂತೆ, ಅವರದು ನಡೆದು ಮಾಡುವ ಚಿಂತೆ.

ಮಾವ ಒಂದು ಕಡೆ ನಿಂತದ್ದನ್ನು ಕಂಡವರಿಲ್ಲ. ಊಟಕ್ಕೆ ಕೂತರೆ ಮುದ್ದೆಯ ಎರಡನೆಯ ತುತ್ತಿಗೆ ಎದ್ದು, ಕುದುರೆಗೆ ಹುರುಳಿ ಹಾಕಿದ್ದಾರೋ ಇಲ್ಲವೋ ಎಂದು ಕೊಟ್ಟಿಗೆಗೆ ಹೋಗುತ್ತಿದ್ದರು. ಕೈಯಲ್ಲಿ ಸಾರು ಒಣಗುತ್ತಿತ್ತು. "ನಿಮ್ ಮಾವ ಅರ್ಧ ಮುದ್ದೆಯ ಇಲ್ಲುಣ್ತರ, ಅರ್ಧವ ಕೊಟ್ಟಿಗೇಲಿ ಉಣ್ತರ. ಎಲೆಯ ಮಾತ್ರ ನಾ ಎತ್ಬೇಕು" ಎನ್ನುತ್ತಿದ್ದರು ಅತ್ತೆ. ಕ್ಷೌರದವನು ಅಂಗಳದಲ್ಲಿ ಅವರ ಹಿಂದೆ ಹಿಂದೆ ನಡೆಯುತ್ತಾ ಕ್ಷೌರ ಮಾಡುತ್ತಿದ್ದ ಎಂದೂ ಅತ್ತೆ ಹೇಳುತ್ತಿದ್ದರು. ನಾನು ನೋಡಿಲ್ಲ. ಆದರೆ ಅವರ ಕೆನ್ನೆ ನೋಡಿದ್ದೇನೆ, ನಂಬುತ್ತೇನೆ.

ಇಂಥ ಮನುಷ್ಯನಿಗೆ ಹೊಂದುವ ಪ್ರಾಣಿ ಎತ್ತಲ್ಲ. ಹಾಗಾಗಿ ಚೆಲುವಿ ಬಂದಳು. ಕಂದು ಬಣ್ಣದ ಹೆಣ್ಣು ಕುದುರೆ, ಹಣೆಯ ಮೇಲೆ ವಿಭೂತಿ ಬಳಿದ ಹಾಗೆ ಒಂದು ಬಿಳಿ ಪಟ್ಟೆ. ಅವಳೂ ನಿಂತಲ್ಲಿ ನಿಲ್ಲುವವಳಲ್ಲ. ಬೆಳಿಗ್ಗೆ ಹನೂರಿನವರೆಗೆ ಒಂದು ಸುತ್ತು ಓಡಿಸದಿದ್ದರೆ ಗೋಡೆಗೆ ಒದೆಯುತ್ತಿದ್ದಳು. ಅವಳನ್ನು ಯಾರೋ ಬೆಟ್ಟಕ್ಕೆ ಹೋಗುವ ಪರಸೆಯವರು ನೋಡಿ, ಘಟ್ಟದ ಕೆಳಗೆ ಕೊಯಮತ್ತೂರು ಕಡೆ ಕುದುರೆ ಷೋ ನಡೆಯುತ್ತದೆ, ಕಲೆಕ್ಟರ್ ದೊರೆ ಬರುತ್ತಾನೆ, ಹೋಗಿ ಎಂದರಂತೆ. ಮಾವ ಹೋದರು. ದಾರಿಯಲ್ಲಿ ಹತ್ತಿದ್ದು ಕಡಿಮೆ, ಪಕ್ಕದಲ್ಲಿ ನಡೆದದ್ದೇ ಹೆಚ್ಚು. ಸ್ಪರ್ಧೆಗೆ ಮುಂಚೆ ಅವಳು ದಣಿದುಬಿಟ್ಟರೆ ಎಂಬ ಭಯ. ಅಲ್ಲಿ ಕಲೆಕ್ಟರನ ಹೆಂಡತಿ ಬಂದು ಚೆಲುವಿಯ ಹಣೆಪಟ್ಟಿಗೆ ಒಂದು ಕೆಂಪು ರೋಜೆಟ್ಟು ಸಿಕ್ಕಿಸಿದಳು. ನಡುವೆ ಗುಂಡಗೆ ನೆರಿಗೆ ಹಿಡಿದ ಹೂವು, ಕೆಳಗೆ ಎರಡು ಬಾಲ.

ಮಾವ ಊರಿಗೆ ಬಂದು ಹೇಳಿದ್ದು ಒಂದೇ ಮಾತು: "ದೊರೆಸಾನಿ ನಮ್ ಚೆಲ್ವಿಗ ಬಾಸಿಂಗ ಕಟ್ಬುಟ್ಲು ಕಣ್ರಪ್ಪ!"

ಅಂದಿನಿಂದ ಅವು ಬಾಸಿಂಗಗಳೇ. ಮುಂದಿನ ವರ್ಷಗಳಲ್ಲಿ ಇನ್ನೊಂದು ಕೆಂಪು, ಒಂದು ನೀಲಿ, ಒಂದು ಹಳದಿ ಬಂದವು. ಕೆಂಪು ಅಂದರೆ ಮೊದಲನೆಯದು, ನೀಲಿ ಎರಡನೆಯದು, ಹಳದಿ ಮೂರನೆಯದು. ಹಳದಿ ಬಂದ ವರ್ಷ ಘಟ್ಟ ಇಳಿಯುವಾಗ ಚೆಲುವಿಯ ಗೊರಸಿಗೆ ಕಲ್ಲು ಸಿಕ್ಕಿ ಕಾಲು ಊದಿತ್ತು. ಮಾವ ಹಿಂದಿರುಗಲು ನೋಡಿದರೆ ಅವಳು ಕೇಳಲಿಲ್ಲವಂತೆ, ಮುಂದಕ್ಕೇ ಎಳೆದಳಂತೆ, ಆ ಕಾಲಲ್ಲೇ ಓಡಿದಳಂತೆ. "ಕೆಂಪ ದೊರೆ ಕೊಟ್ಟದ್ದು. ಅಳ್ದಿಯ ಅವ್ಳು ಗಳ್ಸಿದ್ದು" ಎನ್ನುತ್ತಿದ್ದರು ಮಾವ. ಮನೆಗೆ ಬಂದವರಿಗೆ ಮೊದಲು ತೋರಿಸುತ್ತಿದ್ದದ್ದು ಹಳದಿಯನ್ನೇ.

ತೋರಿಸುವುದೇನೋ ಸರಿ, ಇಡುವುದು ಎಲ್ಲಿ? ಮಾವನ ಬಾಳಿನ ದೊಡ್ಡ ತಲೆನೋವು ಇದು. ಮೊದಲು ನಡುಮನೆಯ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದರು. ಒಲೆಯ ಹೊಗೆ ತಾಗುತ್ತದೆ ಎಂದು ಪಡಸಾಲೆಗೆ ತಂದರು. ಪಡಸಾಲೆಯಲ್ಲಿ ಬಿಸಿಲು. ಎದುರು ಗೋಡೆಗೆ ಹೋದರೆ ಹಲ್ಲಿ. ಬಾಗಿಲ ಮೇಲೆ ಹಾಕಿದರೆ ಒಳಗೆ ಬರುವವರು ತಲೆ ತಗ್ಗಿಸಿ ಬರುತ್ತಾರೆ, ಯಾರಿಗೂ ಕಾಣುವುದಿಲ್ಲ. ಒಮ್ಮೆ ಕೊಟ್ಟಿಗೆಯ ಗೋಡೆಗೇ ಹೊಡೆದರು, "ಗೆದ್ದೋಳು ಅವ್ಳು, ಅವ್ಳ ಕಣ್ಗ ಬೀಳ್ಬೇಕಲ್ವಾ?" ಎಂದು. ಸಂಜೆಗೆ ನೀಲಿಯ ಒಂದು ಬಾಲದ ತುದಿಯನ್ನು ಅವಳು ಅಗಿದಿದ್ದಳು. ಮತ್ತೆ ಒಳಕ್ಕೆ. ಪ್ರತಿ ಸಲ ಹೊಸ ಮೊಳೆ, ಹೊಸ ತೂತು. ಮಣ್ಣಿನ ಗೋಡೆ, ಎಷ್ಟೆಂದು ತಡೆದೀತು.

"ಇದು ಗೋಡೆನೋ ಜರಡಿನೋ? ಈಚಗ ರಾಗಿ ಉಯ್ದ್ರ ಆಚಗ ಬಿದ್ದದು" ಎಂದು ಅತ್ತೆ ಒಮ್ಮೆ ಕೂಗಿದ್ದು ಪಕ್ಕದ ಬೀದಿಗೂ ಕೇಳಿತ್ತು.

ನಾನು ಆಗ ಕೊಳ್ಳೇಗಾಲದಲ್ಲಿ ಒಬ್ಬ ಶೆಟ್ಟರ ರೇಷ್ಮೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಒಂದು ದಿನ ಮಾವ ಅಂಗಡಿಗೆ ಬಂದರು. ಪಂಚೆಯ ಮಡಿಲಲ್ಲಿ ಮೊದಲ ಕೆಂಪು ರೋಜೆಟ್ಟು. ಬಣ್ಣ ಮಾಸಿ ಇಟ್ಟಿಗೆಯ ಹಾಗಾಗಿತ್ತು.

"ಸೆಟ್ರೇ, ಇದ್ಕ ಬಣ್ಣ ಆಕ್ಸಿ ಕೊಡ್ಬೇಕು. ರೇಸ್ಮೆ ವಿಚಾರ ನಿಮ್ಗ ಬುಟ್ಟು ಇನ್ಯಾರ್ಗ ಗೊತ್ತು?"

ಶೆಟ್ಟರು ರಿಬ್ಬನ್ನನ್ನು ಬೆರಳಲ್ಲಿ ಉಜ್ಜಿದರು. ನನ್ನ ಮುಖ ನೋಡಿದರು. ನನಗೆ ಗೊತ್ತಾಯಿತು. ಹೇಳಬೇಡಿ ಎಂದು ಕಣ್ಣಲ್ಲೇ ಬೇಡಿಕೊಂಡೆ. ಶೆಟ್ಟರು ವ್ಯಾಪಾರಸ್ಥರು, ಆದರೆ ರೇಷ್ಮೆಯ ವಿಷಯದಲ್ಲಿ ಮಾತ್ರ ಸುಳ್ಳಾಡಲಾರರು.

"ಇದು ರೇಷ್ಮೆ ಅಲ್ಲ ಗುರುಮಲ್ಲಪ್ಪೋರೆ. ಹತ್ತಿ. ಮೇಲೆ ಹೊಳಪು ಕೊಟ್ಟವ್ರೆ ಅಷ್ಟೆ."

ಮಾವ ಅಂಗಡಿಯ ಉದ್ದಕ್ಕೂ ಎರಡು ಸಲ ನಡೆದರು. ಗಿರಾಕಿ ಹೆಂಗಸರು ಸೀರೆ ಬಿಟ್ಟು ಅವರನ್ನೇ ನೋಡಿದರು. ಆಮೇಲೆ ನಿಂತು, "ದೊರೆ ಕೊಟ್ಟ ಬಟ್ಟೆ ಸುಳ್ಳಾದ್ರ ಆಗ್ಲಿ, ಅವ್ಳು ಓಡಿದ್ದು ಸುಳ್ಳಲ್ವಲ್ಲ?" ಎಂದರು.

"ಅಲ್ಲ. ಬಣ್ಣ ಹಾಕ್ಸಿಕೊಡ್ಲಾ ಹಂಗಾದ್ರೆ?"

ಮಾವ ಯೋಚಿಸಿದರು. "ಬ್ಯಾಡ ಬುಡಿ. ಒಸ ಬಣ್ಣ ಆಕುದ್ರ ಅದು ನೀವ್ ಕೊಟ್ಟ ಬಾಸಿಂಗ ಆಯ್ತದ. ಮಾಸೋದು ಮಾಸ್ಲಿ, ನಾನೂ ಮಾಸ್ತಾ ಇಲ್ವಾ?"

ಆ ಮಾತು ಬೇಗ ನಿಜವಾಯಿತು. ಒಂದು ಮಳೆಗಾಲ ಗದ್ದೆಯ ಬದುವಿನಲ್ಲಿ ಜಾರಿ ಬಿದ್ದು ಮಾವನ ಸೊಂಟ ಹಿಡಿಯಿತು. ನಡೆಯಬಲ್ಲರು, ಕುದುರೆ ಹತ್ತಲಾರರು. ಮಗನಿಗೆ ಸೈಕಲ್ಲಿನ ಮೇಲೆ ಇದ್ದ ಪ್ರೀತಿ ಕುದುರೆಯ ಮೇಲಿರಲಿಲ್ಲ. ಚೆಲುವಿ ದಿನವೆಲ್ಲ ಗೋಡೆಗೆ ಒದೆಯತೊಡಗಿದಳು. "ಕಟ್ಟಾಕುದ್ರ ಅವ್ಳ ಮನ್ಸು ಕೆಟ್ಟೋಯ್ತದ. ನನ್ಗ ಗೊತ್ತು ಅದು" ಎಂದು ಮಾವ ಅವಳನ್ನು ಯಳಂದೂರಿನ ಪುಟ್ಟಬಸಪ್ಪನವರಿಗೆ ಕೊಟ್ಟರು. ಅವರು ಭತ್ತದ ಗದ್ದೆಯ ದೊಡ್ಡ ಕುಳ, ಕುದುರೆ ಏರಿ ಗದ್ದೆ ಸುತ್ತುವವರು. ಮಾವನಿಗೆ ಉಳಿದದ್ದು ಆ ನಾಲ್ಕು ರೋಜೆಟ್ಟುಗಳು. ಈಗ ಅವುಗಳನ್ನು ದಿನಕ್ಕೊಂದು ಗೋಡೆಗೆ ಸಾಗಿಸುವುದೇ ಅವರ ಕೆಲಸವಾಯಿತು.

ಕೆಲವು ತಿಂಗಳ ಮೇಲೆ ಪುಟ್ಟಬಸಪ್ಪನವರೇ ಅಜ್ಜೀಪುರಕ್ಕೆ ಬಂದರು. ನಾನೂ ಅಂದು ಅಲ್ಲಿದ್ದೆ. ಕಾಫಿ ಕುಡಿದು, ಗೋಡೆಯ ಕಡೆ ನೋಡಿ, ಗಂಟಲು ಸರಿಮಾಡಿಕೊಂಡರು.

"ಗುರುಮಲ್ಲಪ್ಪೋರೆ, ನನ್ ಮನಗ ಬಂದೋರೆಲ್ಲ ಒಂದೇ ಕೇಳ್ತರ. ಪ್ರೈಜ್ ಕುದ್ರ ಅಂತೀರಿ, ಪ್ರೈಜ್ ಎಲ್ಲಿ ಅಂತ. ನಾ ಏನ್ ತೋರ್ಸ್ಲಿ? ಕುದ್ರ ಬಾಲ ಎತ್ತಿ ತೋರ್ಸ್ಲಾ? ಆ ಪ್ರೈಜ್‌ಗಳ್ನ ನನ್ಗ ಕೊಡಿ."

"ಕುದ್ರಯೇ ತೋರ್ಸಿ. ಕಣ್ಣಿದ್ದೋನ್ಗ ಅಷ್ಟು ಸಾಲ್ದಾ?"

"ಕಣ್ಣಿದ್ದೋರು ನಮ್ಮೂರಲ್ಲಿ ಕಮ್ಮಿ ಸ್ವಾಮಿ."

ಮಾವ ಎದ್ದು ನಡೆಯಲು ಶುರು ಮಾಡಿದರು. "ನೀವೂ ಒಕ್ಕಲ್ತನ ಮಾಡೋರೇ. ದನ ಮಾರ್ದೋನು ಯಾವತ್ತಾರ ಕೊರಳ್ಗ ಕಟ್ಟಿದ್ ಅಗ್ಗವ ಕೊಟ್ಟವ್ನಾ? ಅಗ್ಗದ ಜೊತ ಮನೆ ಲಕ್ಷ್ಮಿ ಒಂಟೋಯ್ತದ. ಚೆಲ್ವಿಯ ಕರ್ಕಂಡ್ ಓಗಾಗ ಒಸ ಅಗ್ಗ ತಂದೋರು ನೀವೇ ತಾನೆ? ಅಗ್ಗ ಎಂಗೋ ಇವೂ ಅಂಗೇ. ಮನೇಲೇ ಇರ್ಬೇಕು."

ಹಗ್ಗದ ಮಾತಿಗೆ ಪುಟ್ಟಬಸಪ್ಪನವರು ಹೌದೆಂದು ತಲೆ ಆಡಿಸಿದರು. ನ್ಯಾಯ ಅಲ್ಲಿಗೆ ಮುಗಿಯಿತು ಎಂದು ನಾನು ಉಸಿರು ಬಿಟ್ಟೆ. ಆಗ ಅಡುಗೆಮನೆಯ ಬಾಗಿಲಿಂದ ಅತ್ತೆ ಮಾತಾಡಿದರು.

"ಅಗ್ಗದ ಮಾತು ಸರಿ. ಅವು ಅಗ್ಗ ಅಂತ ನೀವು ಯಾವತ್ತಂದಿದ್ರಿ? ಬಾಸಿಂಗ ಬಾಸಿಂಗ ಅಂತ ತಾನೆ ಊರ್ಗೆಲ್ಲ ಸಾರ್ಕಂಡು ಬಂದದ್ದು?"

"ನಾನೇ ಅಂದಿದ್ದಿ. ಏನೀಗ?"

"ನನ್ ಬಾಸಿಂಗ ಎಲ್ಲದ? ನಮ್ಮಪ್ಪನ್ ಮನಲಿ ಅದಾ?"

ಅತ್ತೆ ಬೆರಳು ತೋರಿಸಿದ ಕಡೆ ಮೂವರೂ ನೋಡಿದೆವು. ನಡುಮನೆಯ ಕಂಬದ ಮೇಲ್ತುದಿಯಲ್ಲಿ ಮದುವೆಯ ಬಾಸಿಂಗ ನೇತಾಡುತ್ತಿತ್ತು. ಜೇಡ ಬಲೆ ಕಟ್ಟಿತ್ತು.

"ಎಣ್ಣು ಎಲ್ಲದೋ ಬಾಸಿಂಗ ಅಲ್ಲಿ. ನಮ್ಮಪ್ಪ ಬಾಸಿಂಗನೂ ಇಟ್ಕನಿಲ್ಲ, ಅಗ್ಗನೂ ಇಟ್ಕನಿಲ್ಲ" ಎಂದು ಅತ್ತೆ ಒಳಗೆ ಹೋದರು.

ಮಾವ ಅಂಗಳಕ್ಕೆ ಹೋಗಿ ಸುತ್ತಿದರು, ಖಾಲಿ ಕೊಟ್ಟಿಗೆಗೆ ಹೋಗಿ ಬಂದರು, ಬಾವಿಯವರೆಗೆ ಹೋಗಿ ಬಂದರು. ಪುಟ್ಟಬಸಪ್ಪನವರ ಕುತ್ತಿಗೆ ಅವರ ಜೊತೆ ಆ ಕಡೆ ಈ ಕಡೆ ತಿರುಗಿತು. ಕೊನೆಗೆ ಮಾವ ಬಾಗಿಲಲ್ಲಿ ನಿಂತು, "ನೀವ್ ಮುಟ್ಬ್ಯಾಡಿ. ನಾನೇ ತತ್ತೀನಿ" ಎಂದರು.

ಹೀಗೆ ನಾವು ಇದ್ದಿಲು ಬಸ್ಸಿನಲ್ಲಿ ಹೊರಟದ್ದು. ಅವರೊಡನೆ ನಾನು ಮಾಡಿದ ಕೊನೆಯ ಪ್ರಯಾಣ ಅದು. ಮುಂದಿನ ರಾಗಿ ಕೊಯ್ಲಿನ ಹೊತ್ತಿಗೆ ಅವರಿರಲಿಲ್ಲ. ಬಸ್ಸು ನಿಲ್ಲಲಿಲ್ಲ, ಕಿಡಿ ಹಾರಲಿಲ್ಲ, ಪೊಲೀಸಿನವನು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ದಾರಿಯುದ್ದಕ್ಕೂ ಮಾವನ ಕಾಲು ಮಾತ್ರ ಕುಣಿಯುತ್ತಿತ್ತು, ಪೆಟ್ಟಿಗೆಯ ಚಿಲಕ ಟಿಕಟಿಕ ಎನ್ನುತ್ತಿತ್ತು.

"ಮಾವ, ಕೊಡೋಕೆ ಮನಸ್ಸಿಲ್ದಿದ್ರೆ ಈಗ್ಲೂ ಇಳ್ಕೊಳ್ಳೋಣ" ಎಂದೆ.

"ಸುಮ್ನ ಕೂತ್ಕಲಾ ಅಳಿಯ. ಮನ್ಸು ಅದೋ ಇಲ್ವೋ ಅಲ್ಲೋದ್ಮೇಲೆ ಗೊತ್ತಾಯ್ತದ."

ಇದಕ್ಕಿಂತ ಹೆದರಿಸುವ ಉತ್ತರ ಇನ್ನೊಂದಿರಲಾರದು.

ಪುಟ್ಟಬಸಪ್ಪನವರು ಹಜಾರದಲ್ಲಿ ಗಾಜಿನ ಬೀರುವೊಂದನ್ನು ಖಾಲಿ ಮಾಡಿಸಿ ಇಟ್ಟಿದ್ದರು. ಮಾವ ಪೆಟ್ಟಿಗೆ ತೆರೆದು ಒಂದೊಂದಾಗಿ ತೆಗೆದುಕೊಟ್ಟರು. ಕೆಂಪು, ಕೆಂಪು, ಅಗಿದ ಬಾಲದ ನೀಲಿ. ಬಿಸಿಲು ಬೀಳಬಾರದು, ಬೇವಿನ ಸೊಪ್ಪು ಒಣಗಿದ ಹಾಗೆ ಬದಲಿಸಬೇಕು, ಒದ್ದೆ ಕೈಯಲ್ಲಿ ಮುಟ್ಟಬಾರದು ಎಂದು ಹೇಳುತ್ತಾ ಹೋದರು. ಆಮೇಲೆ ಹಳದಿ ಕೈಗೆ ಬಂತು. ಪುಟ್ಟಬಸಪ್ಪನವರು ಕೈ ಚಾಚಿಕೊಂಡೇ ಇದ್ದರು. ಮಾವ ಅದರ ಬಾಲವನ್ನು ನೇರ ಮಾಡಿದರು, ಮತ್ತೆ ನೇರ ಮಾಡಿದರು. ನಾನು ಮನಸ್ಸಿನಲ್ಲೇ ಮಾದೇಶ್ವರನಿಗೆ ಹರಕೆ ಹೊತ್ತೆ. ಕೊಡಲಿ ಎಂದು ಹೊತ್ತೆನೋ ಕೊಡದಿರಲಿ ಎಂದು ಹೊತ್ತೆನೋ ಇಂದಿಗೂ ತಿಳಿಯದು.

"ಇದು ಮ್ಯಾಲಿರ್ಬೇಕು" ಎಂದರು ಮಾವ.

"ಮೂರ್ನೇದ್ನ ಮೇಲಿಟ್ರ ಬಂದೋರು ನಗಲ್ವಾ?"

"ನಗ್ಲಿ. ನಕ್ಕೋರ್ಗ ಕಲ್ಲು ಸಿಕ್ಕಿದ್ ಕತೆಯ ಏಳಿ." ಎಂದು ಅದನ್ನು ಅವರ ಅಂಗೈ ಮೇಲೆ ಇಟ್ಟುಬಿಟ್ಟರು.

ಪುಟ್ಟಬಸಪ್ಪನವರು ಹಳದಿಯನ್ನು ಮೇಲಿನ ಹಲಗೆಯಲ್ಲೇ ಇಟ್ಟರು. ಮಾವ ಬೀರುವಿನ ಕಡೆ ನೋಡಲಿಲ್ಲ. "ಒಂದ್ ಗಳ್ಗೆ ನೋಡ್ಕಂಡ್ ಬತ್ತೀನಿ" ಎಂದು ಹಿತ್ತಲಿನ ಲಾಯಕ್ಕೆ ಹೋದರು. ಬಸ್ಸಿಗೆ ಬೇಕಾದಷ್ಟು ಹೊತ್ತಿತ್ತು. ನಾನು ಖಾಲಿ ಪೆಟ್ಟಿಗೆ ಹಿಡಿದು ಜಗಲಿಯಲ್ಲಿ ಕಾದೆ. ಮಜ್ಜಿಗೆ ಬಂತು, ಕುಡಿದೆ. ಇನ್ನೊಂದು ಲೋಟ ಬಂತು. ಮಾವ ಬರಲಿಲ್ಲ. ಬಸ್ಸಿನ ಹಾರನ್ನು ಪೇಟೆಯ ಕಡೆಯಿಂದ ಕೇಳಿದಾಗ ಎದ್ದು ಓಡಿದೆ.

ಚೆಲುವಿ ಮಾವನ ಹೆಗಲ ಮೇಲೆ ಗದ್ದ ಊರಿ, ಕೆಳದುಟಿ ಜೋತುಬಿಟ್ಟು, ಕಣ್ಣು ಮುಚ್ಚಿದ್ದಳು. ಮಾವ ಗೋಡೆಗೆ ಒರಗದೆ, ಏನನ್ನೂ ಹಿಡಿಯದೆ, ಆ ಸೊಂಟದ ಮೇಲೆ ಅಷ್ಟು ಭಾರ ಹೊತ್ತು ನೆಟ್ಟ ಗೂಟದ ಹಾಗೆ ನಿಂತಿದ್ದರು.

"ಮಾವ, ಬಸ್ಸು!"

ಅವರು ತಲೆ ತಿರುಗಿಸಲಿಲ್ಲ. ತುಟಿ ಮಾತ್ರ ಅಲುಗಿತು. "ಮೆಲ್ಲಕ್ ಮಾತಾಡ್ಲಾ. ನಿದ್ದ ಮಾಡ್ತವ್ಳ."

ನಾನು ಬಾಗಿಲಲ್ಲಿ ನಿಂತೆ. ಹಾರನ್ನು ಇನ್ನೊಮ್ಮೆ ಆಯಿತು, ಆಮೇಲೆ ಹೊಳೆಯ ಸೇತುವೆಯ ಕಡೆಗೆ ಹೋಗಿ ಸಣ್ಣದಾಯಿತು. ಬಸ್ಸು ತಪ್ಪಿತು.