ನಿಂತ ಸೈಕಲ್ಲಿಗೆ ಗಾಳಿ

ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡದ ಮನುಷ್ಯನನ್ನು ನಾನು ಇದುವರೆಗೆ ಕಂಡಿಲ್ಲ. ಒತ್ತಿ ಅವನು ಏನನ್ನು ತಿಳಿದುಕೊಳ್ಳುತ್ತಾನೋ ದೇವರೇ ಬಲ್ಲ. ಆದರೆ ಆ ಕ್ಷಣದಲ್ಲಿ ಅವನ ಮುಖದ ಮೇಲೆ ನಾಡಿ ಹಿಡಿದ ವೈದ್ಯನ ಗಾಂಭೀರ್ಯ ನೆಲೆಸಿರುತ್ತದೆ. ನನಗಂತೂ ಅದೊಂದು ಚಟವೇ ಆಗಿಹೋಗಿದೆ. ಸ್ವಂತದ್ದು ಸಾಲದೆಂದು ಪರರ ಸೈಕಲ್ಲುಗಳನ್ನೂ ಒತ್ತಿ ನೋಡಲು ಹೋಗಿ, ಒಮ್ಮೆ ಹೋಟೆಲೊಂದರ ಮುಂದೆ ಕಳ್ಳನೆಂಬ ಬಿರುದು ಸ್ವಲ್ಪದರಲ್ಲೇ ತಪ್ಪಿತು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಪ್ರಾಣಿ ನಾನು. ಇಂಥವನ ಕೈಗೆ ದೇವರು ಪಂಪು ಕೊಡಬಾರದಿತ್ತು, ಕೊಟ್ಟ. ಅದೂ ಎಂಥ ಸಮಯದಲ್ಲಿ ಎಂಬುದನ್ನೇ ಈಗ ಹೇಳಹೊರಟಿದ್ದೇನೆ.

ಆಗ ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ, ಹಲ್ಲಿನ ಚಕ್ರಗಳ ಅಳತೆ ಪರೀಕ್ಷಿಸುವ ಕೆಲಸದಲ್ಲಿದ್ದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ದಾಸರಹಳ್ಳಿಯಲ್ಲಿ ಬಾಡಿಗೆ ಮನೆ, ಮನೆಯಲ್ಲಿ ಹೆಂಡತಿ ವಿಮಲ, ಅಂಗಳದಲ್ಲಿ ಒಂದು ಕರಿಯ ಸೈಕಲ್ಲು; ಸಂಸಾರವೆಂದರೆ ಅಷ್ಟೇ. ನಮ್ಮ ಕಾರ್ಖಾನೆಯಲ್ಲಿ ಯಂತ್ರಗಳ ಮೇಲಿನ ಕಬ್ಬಿಣದ ಪುಡಿಯನ್ನು ಊದಿ ತೆಗೆಯಲು ಕಂಪ್ರೆಸರಿನ ಗಾಳಿ ಇತ್ತು. ಅದು ಸೈಕಲ್ಲಿಗಲ್ಲ ಎಂದು ಗೋಡೆಯ ಮೇಲೆ ಬರೆದೂ ಇತ್ತು. ಪಾಳಿ ಮುಗಿದ ಕೂಡಲೇ ನಾವೆಲ್ಲ ಸೈಕಲ್ಲುಗಳನ್ನು ಆ ಬರಹದ ಕೆಳಗೇ ಸಾಲಾಗಿ ನಿಲ್ಲಿಸಿ, ಬುಸ್ಸೆಂದು ಗಾಳಿ ತುಂಬಿಸಿಕೊಂಡು ಮನೆಗೆ ಹೊರಡುತ್ತಿದ್ದೆವು. ಮೇಲ್ವಿಚಾರಕರು ಆ ಹೊತ್ತಿನಲ್ಲಿ ಆಕಾಶವೀಕ್ಷಣೆಯಲ್ಲಿ ತೊಡಗಿರುತ್ತಿದ್ದರು, ಏಕೆಂದರೆ ಸಾಲಿನ ಮೊದಲ ಸೈಕಲ್ಲು ಅವರದೇ. ಹೀಗಾಗಿ ನಮ್ಮಲ್ಲಿ ಒಬ್ಬನ ಮನೆಯಲ್ಲೂ ಪಂಪೆಂಬ ಪದಾರ್ಥ ಇರಲಿಲ್ಲ. ಅದನ್ನು ಇಟ್ಟುಕೊಳ್ಳುವವನು ಕೈಲಾಗದವನು ಎಂಬ ಸಣ್ಣ ಅಹಂಕಾರವೂ ನಮಗಿತ್ತು.

ಒಂದು ದಿನ ಬೆಳಿಗ್ಗೆ ಹೋದರೆ ಗೇಟಿಗೆ ಬೀಗ. ಬೋನಸ್ಸಿನ ಜಗಳ ಲಾಕೌಟಿಗೆ ಬಂದು ನಿಂತಿತ್ತು. ನಾಳೆ ತೆಗೆಯುತ್ತಾರೆ, ನಾಡಿದ್ದು ತೆಗೆಯುತ್ತಾರೆ ಎಂದು ನಾವು ದಿನವೂ ಹೋಗಿ ಗೇಟಿನ ಮುಂದೆ ಹೊಂಗೆಮರದ ಕೆಳಗೆ ಕೂರುತ್ತಿದ್ದೆವು. ಕೆಲವು ವಾರಗಳಲ್ಲಿ ವಿಚಿತ್ರವೊಂದು ಕಣ್ಣಿಗೆ ಬಿತ್ತು. ಅಷ್ಟೂ ಜನರ ಸೈಕಲ್ಲುಗಳು ಒಟ್ಟೊಟ್ಟಿಗೇ ಸೊರಗತೊಡಗಿದವು. ಘೋಷಣೆ ಕೂಗುವಾಗ ಸಿಂಹದಂತಿದ್ದವರು ವಾಪಸ್ಸು ಹೊರಟಾಗ ಮೆತ್ತಗಾದ ಟೈರುಗಳನ್ನು ಗೊಣಗುತ್ತ ತಳ್ಳಿಕೊಂಡು ಹೋಗುವ ದೃಶ್ಯವನ್ನು ಮಾಲೀಕರು ನೋಡಿದ್ದರೆ ಅವರಿಗೆ ಬಹಳ ಸಂತೋಷವಾಗುತ್ತಿತ್ತು. ನಾನು ನಮ್ಮ ಮನೆಯ ಒಡತಿ ಮುನಿಯಮ್ಮನವರ ಹತ್ತಿರ ಪಂಪು ಎರವಲು ಪಡೆದೆ. ಹೊಲದ ಬಹುಭಾಗವನ್ನು ಕೈಗಾರಿಕೆಗೆ ಬಿಟ್ಟುಕೊಟ್ಟು, ಉಳಿದ ಜಾಗದಲ್ಲಿ ಸಾಲುಮನೆ ಕಟ್ಟಿಸಿ, ಮಿಕ್ಕ ಅಂಗೈಯಗಲದಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದ ಹೆಂಗಸು ಆಕೆ.

ಗಾಳಿ ಹೊಡೆಯುವುದರಲ್ಲಿ ಏನಿದೆ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಮೊದಲ ದಿನ ಅವಸರದಲ್ಲಿ ಅರ್ಧರ್ಧ ಒತ್ತಿ ಹೊಡೆದೆ. ಬಿಸಿಯಾದದ್ದು ಪಂಪು, ಬೆವರಿದ್ದು ನಾನು, ಟೈರು ಮಾತ್ರ ಇದ್ದ ಹಾಗೆಯೇ ಇತ್ತು. ನೋಡುತ್ತ ನಿಂತವರೆಲ್ಲ ಸಲಹೆಗಾರರಾದರು. ಒಬ್ಬ ವಾಷರಿಗೆ ಕೊಬ್ಬರಿ ಎಣ್ಣೆ ಬಿಡಿ ಎಂದ, ಇನ್ನೊಬ್ಬ ವಾಲ್‌ಟ್ಯೂಬು ಬದಲಾಯಿಸಿ ಎಂದ, ಮೂರನೆಯವನು ಈ ಸೈಕಲ್ಲನ್ನೇ ಬದಲಾಯಿಸಿ ಎಂದ. ತಪ್ಪುತ್ತ ತಪ್ಪುತ್ತ ನಾನೇ ಕಂಡುಕೊಂಡದ್ದು ಇಷ್ಟು: ಪಂಪನ್ನು ಎರಡೂ ಪಾದಗಳಿಂದ ಮೆಟ್ಟಿ ನೆಟ್ಟಗೆ ನಿಂತು, ಹಿಡಿಯನ್ನು ಪೂರ್ತಿ ಮೇಲೆಳೆದು, ತೋಳಿನ ಬದಲು ಮೈಭಾರದಿಂದ ಪೂರ್ತಿ ಕೆಳಕ್ಕೆ ಇಳಿಸಿ, ಅಲ್ಲಿ ಒಂದು ಗಳಿಗೆ ತಡೆಯಬೇಕು. ಆ ಗಳಿಗೆಯಲ್ಲೇ ಗಾಳಿ ಒಳಗೆ ಹೋಗುವುದು. ಹಿಂದಿನ ಚಕ್ರಕ್ಕೆ ತುಸು ಹೆಚ್ಚು, ಮುಂದಿನದಕ್ಕೆ ತುಸು ಕಡಿಮೆ. ಒತ್ತಿದರೆ ದೋರೆಗಾಯಿಯಷ್ಟು ಬಿಗಿ ಇರಬೇಕು, ಕಲ್ಲಾಗಬಾರದು. ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಬಿಟ್ಟೇ ಹೊಡೆಯಬೇಕು, ಏಕೆಂದರೆ ಬಿಸಿಲು ಉಳಿದದ್ದನ್ನು ತಾನೇ ತುಂಬುತ್ತದೆ.

ಶಾಸ್ತ್ರ ತಿಳಿದರೂ ಆಚರಣೆಗೆ ಬರಬೇಕಲ್ಲ. ಬೀಗ ಬಿದ್ದು ತಿಂಗಳುಗಳಾದವು. ಗೇಟಿನ ಮುಂದೆ ಕೂರುವವರು ಕಡಿಮೆಯಾದರು, ಒಬ್ಬೊಬ್ಬರೇ ಊರ ಕಡೆಗೋ ಬೇರೆ ಕೆಲಸಕ್ಕೋ ಚದುರಿದರು. ಕೊನೆಗೆ ನಾನೂ ಹೋಗುವುದನ್ನು ಬಿಟ್ಟೆ. ಆದರೆ ಬೆಳಗಾದರೆ ಕೈ ಸುಮ್ಮನಿರುತ್ತಿರಲಿಲ್ಲ. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಂಗಳಕ್ಕೆ ಬಂದು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದೆ. ಕಾಫಿ ಕುಡಿದು ಬಂದು ಇನ್ನೊಮ್ಮೆ ಹೊಡೆಯುತ್ತಿದ್ದೆ. ಪತ್ರಿಕೆಯ ಒಂದು ಪುಟ ಓದಿ, ಏನು ಓದಿದೆನೆಂದು ತಿಳಿಯದೆ, ಮತ್ತೆ ಬಂದು ಒತ್ತಿ ನೋಡುತ್ತಿದ್ದೆ. ಮುನಿಯಮ್ಮನವರು ರಾಗಿ ಕೇರುತ್ತ ಕೂತಲ್ಲಿಂದಲೇ ಒಮ್ಮೆ ಕೇಳಿದರು:

"ಅದೆಷ್ಟು ಕಿತಾ ಒಡೀತೀರಾ ಸಾಮಿ ಗಾಳಿಯಾ? ನೆನ್ನೆ ಒಡುದ್ರಿ, ಮೊನ್ನೆ ಒಡುದ್ರಿ. ಗಾಡಿ ಎಲ್ಗೂ ಓಗ್ಲೇ ಇಲ್ವಲ್ಲ!"

ನನಗೆ ಸಿಟ್ಟು ಬಂತು. ನಿಜ ಹೇಳಿದವರ ಮೇಲೆ ಬರುವ ಸಿಟ್ಟಿಗೆ ಹೋಗಲು ದಾರಿಯೂ ಇರುವುದಿಲ್ಲ. ಅದನ್ನೂ ಟೈರಿಗೇ ತುಂಬಿದೆ. ಅಂದು ಮಧ್ಯಾಹ್ನ, ಸುಡುಬಿಸಿಲಿನಲ್ಲಿ, ಯಾರೂ ಮುಟ್ಟದೆ ನಿಂತಿದ್ದ ಸೈಕಲ್ಲಿನ ಹಿಂದಿನ ಚಕ್ರ ಢಮ್ಮೆಂದು ಸಿಡಿಯಿತು. ಕೋಳಿಗಳು ಛಾವಣಿ ಏರಿದವು, ಪಕ್ಕದ ಮನೆಯವರು ಕುಕ್ಕರ್ ಎಂದುಕೊಂಡು ಓಡಿಬಂದರು. ಟ್ಯೂಬು ಚಿಂದಿಯಾಗಿ, ಟೈರು ಅಂಗೈಯುದ್ದ ಬಾಯಿ ಬಿಟ್ಟಿತ್ತು.

ಎಲ್ಲರೂ ಹೋದ ಮೇಲೆ ವಿಮಲ ಬಾಗಿಲಿಗೆ ಒರಗಿ ನಿಂತು, ಬಹಳ ದಿನದಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಮಾತನ್ನು ಹೊರಗಿಟ್ಟಳು. ಪೀಣ್ಯದ ಎರಡನೇ ಹಂತದಲ್ಲಿ ಸಿದ್ಧ ಉಡುಪು ಹೊಲಿಸುವ ಕಾರ್ಖಾನೆಯೊಂದು ಶುರುವಾಗಿದೆ, ತನಗೆ ಅಲ್ಲಿ ಕೆಲಸ ಗೊತ್ತಾಗಿದೆ, ಆ ಕಡೆಗೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಹುಡುಗಿಯಾಗಿದ್ದಾಗ ಮಲ್ಲೇಶ್ವರದಲ್ಲಿ ತಾನು ಸೈಕಲ್ ಹೊಡೆದವಳು. ಈ ಗಂಡಸರ ಸೈಕಲ್ಲನ್ನು ಕೊಟ್ಟು ಹೆಂಗಸರದ್ದೊಂದು ತರೋಣ.

"ನಿಂತಲ್ಲೇ ಒಡೆದು ಹೋಗೋಕಿಂತ ಯಾರಾದ್ರೂ ಓಡ್ಸೋದು ವಾಸಿ ಅಲ್ವೇನ್ರೀ?" ಎಂದಳು. ಅವಳು ಹೇಳಿದ್ದು ಸೈಕಲ್ಲಿನ ವಿಷಯವೊಂದೇ ಅಲ್ಲವೆಂದು ನನಗೆ ತಿಳಿಯಿತು.

ನನಗೆ ಅವಳು ದುಡಿಯುವುದರಲ್ಲಿ ಬೇಸರವಿರಲಿಲ್ಲ ಎಂದರೆ ಅರ್ಧ ಸುಳ್ಳಾದೀತು. ಆದರೆ ನಿಜವಾಗಿ ಎದೆ ಹಿಂಡಿದ್ದು ಬೇರೆ. ಆ ಸೈಕಲ್ಲು ಅಂಗಳದಲ್ಲಿ ಸಿದ್ಧವಾಗಿ ನಿಂತಿರುವ ತನಕ ನಾನು ಕಾರ್ಖಾನೆಯ ನೌಕರ. ಬೀಗ ತೆಗೆದ ಸುದ್ದಿ ಬಂದರೆ ಮರುಗಳಿಗೆಯಲ್ಲೇ ಹತ್ತಿ ಹೊರಡಬಲ್ಲವ. ಅದನ್ನು ಕೊಟ್ಟುಬಿಟ್ಟರೆ ಬೀಗ ಇನ್ನು ತೆಗೆಯುವುದಿಲ್ಲವೆಂದು ನಾನೇ ಒಪ್ಪಿಕೊಂಡಂತೆ. ಎರಡು ದಿನ ಆ ಹರಿದ ಟೈರಿನ ಸುತ್ತಲೇ ಸುತ್ತಿದೆ. ಮೂರನೆಯ ದಿನ ಸೈಕಲ್ಲನ್ನು ಬಾಷಾ ಸಾಬರ ಸೈಕಲ್ ಅಂಗಡಿಗೆ ತಳ್ಳಿಕೊಂಡು ಹೋದೆ. ಅವರು ನನ್ನ ಮುಖವನ್ನೂ ಹರಿದ ಟೈರನ್ನೂ ನೋಡಿ, "ಫಿಕರ್ ಮಾಡ್ಬೇಡಿ ಸಾರ್, ಇದು ಹಳೇದಾದ್ರೂ ಗಟ್ಟಿ ಮಾಲು" ಎಂದು ಹಸಿರು ಬಣ್ಣದ, ನಡುವೆ ಅಡ್ಡಕಂಬಿ ಇಲ್ಲದ ಸೈಕಲ್ಲೊಂದನ್ನು ಕೈಗಿತ್ತರು.

ಆಮೇಲಿನ ದಿನಗಳಲ್ಲಿ ಬೆಳಿಗ್ಗೆ ಗಾಳಿ ನೋಡುವ ಕೆಲಸ ಮಾತ್ರ ನನ್ನ ಪಾಲಿಗೆ ಉಳಿಯಿತು. ತುಮಕೂರು ರಸ್ತೆಯ ಲಾರಿಗಳ ನಡುವೆ ಅವಳ ಟೈರು ಕುಸಿದರೆ ಎಂಬ ಭಯ, ಹೆಚ್ಚು ಹೊಡೆದು ಬಿಸಿಲಲ್ಲಿ ಸಿಡಿದರೆ ಎಂಬ ಭಯ. ಈ ಎರಡು ಭಯಗಳ ನಡುವೆ ಎಲ್ಲಿಯೋ ಹದವೆಂಬುದು ನನಗೆ ಸಿಕ್ಕಿತು. ಅಂದಮಾತ್ರಕ್ಕೆ ನಾನು ಶಾಂತಮೂರ್ತಿಯಾದೆನೆಂದು ತಿಳಿಯಬೇಡಿ. ಸಂಜೆಯಾದರೆ ರಸ್ತೆಯ ತಿರುವಿಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಅನ್ನಕ್ಕೆ ಇಟ್ಟು ಹೋಗಿ, ಅನ್ನ ತಳ ಹಿಡಿದ ಸಂಜೆಗಳೇ ಹೆಚ್ಚು. ಅವಳು ಬಂದವಳೇ ಸೈಕಲ್ಲು ನಿಲ್ಲಿಸಿ, ಮೂಗನ್ನು ಅರಳಿಸಿ, ನೇರ ಒಲೆಯ ಕಡೆಗೆ ಹೋಗುತ್ತಿದ್ದಳು.

ಹೀಗಿರುವಾಗ ಒಂದು ಸಂಜೆ, ನನ್ನ ಜೊತೆ ಕೆಲಸ ಮಾಡುತ್ತಿದ್ದ ಶಿವಣ್ಣ ಏದುಸಿರು ಬಿಡುತ್ತ ಬಂದು ಬೀದಿಯಿಂದಲೇ ಕೂಗಿದ: "ಲೋ ಮಗಾ, ನಾಳೆ ಬೀಗ ತೆಗೀತಾರಂತೆ ಕಣೋ! ರಾಜಿ ಆಗ್ಬಿಡ್ತು! ಟೈಮಿಗೆ ಬರದಿದ್ರೆ ಸೇರಿಸ್ಕೊಳಲ್ವಂತೆ, ಬೇಗ ಬಾ!"

ಮಾರನೆಯ ಬೆಳಿಗ್ಗೆ ನನ್ನ ಕಾಲು ನೆಲದ ಮೇಲಿರಲಿಲ್ಲ. ಇಸ್ತ್ರಿಯ ಅಂಗಿ ತೊಟ್ಟೆ, ಸೈಕಲ್ಲಿನ ಧೂಳು ಒರೆಸಿದೆ, ಸಂಭ್ರಮದಲ್ಲಿ ಎರಡು ಚಕ್ರಕ್ಕೂ ಬಲವಾಗಿ ಗಾಳಿ ಹೊಡೆದೆ. ಅದು ಹೆಂಗಸರ ಸೈಕಲ್ಲೆಂಬ ಪರಿವೆಯೂ ಇಲ್ಲದೆ ಅಂಗಳದ ಗೇಟಿನ ತನಕ ತಳ್ಳಿಕೊಂಡು ಹೋಗಿದ್ದೆ. ಊಟದ ಡಬ್ಬಿ ಹಿಡಿದು ವಿಮಲ ಹೊರಗೆ ಬಂದಳು.

"ನನ್ ಸೈಕಲ್ ತಗೊಂಡು ಎಲ್ಲಿಗೆ ಹೊರಟ್ರಿ?"

"ಗೊತ್ತಲ್ಲ, ಇವತ್ತು ಕಾರ್ಖಾನೆ ತೆಗೀತಾರೆ" ಎಂದೆ.

"ನಂದು ಮುಚ್ಚಿಲ್ವಲ್ಲ!"

ಅವಳ ದನಿಯಲ್ಲಿ ಕೋಪವಿರಲಿಲ್ಲ, ಹಂಗಿಸುವ ಧಾಟಿಯೂ ಇರಲಿಲ್ಲ. ಹೊತ್ತಾಯಿತೆಂಬ ಆತುರ ಮಾತ್ರ ಇತ್ತು, ನನಗಿದ್ದಂಥದೇ ಆತುರ. ಇಷ್ಟು ತಿಂಗಳು ಆ ಸೈಕಲ್ಲಿನ ಚಕ್ರಕ್ಕೆ ಕೈಯಿಟ್ಟವನಿಗೆ ಅದು ಯಾರದೆಂದು ಹೊಳೆದಿರಲಿಲ್ಲ. ಹ್ಯಾಂಡಲ್ಲು ಬಿಟ್ಟೆ. ಅವಳು ಬಗ್ಗಿ ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ, "ಜಾಸ್ತಿ ಹೊಡೆದಿದೀರಿ" ಎಂದು ಸ್ವಲ್ಪ ಗಾಳಿ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಹತ್ತಿ ಹೊರಟೇಬಿಟ್ಟಳು.

ಬಸ್ಸಿಗೆ ಕಾಯುವ ವ್ಯವಧಾನ ನನಗೆ ಎಂದೂ ಇಲ್ಲ. ಪೀಣ್ಯದ ಕಡೆಗೆ ಓಡಿದೆ. ಓಡಲಾಗದೆ ನಡೆದೆ, ಮತ್ತೆ ಓಡಿದೆ. ನಡುರಸ್ತೆಯಲ್ಲಿ ಅವಳ ಮೇಲೆ ಕೋಪ ಬಂತು, ಹೋಯಿತು, ಅದು ಹೋದ ಜಾಗದಲ್ಲಿ ಅವಳ ಬಗ್ಗೆ ಹೆಮ್ಮೆಯೊಂದು ಬಂದು ಕೂತಿತು. ಇಸ್ತ್ರಿಯ ಅಂಗಿ ಒದ್ದೆಮುದ್ದೆಯಾಗಿ ಗೇಟು ತಲುಪಿದಾಗ ಕಾವಲುಗಾರ ಬಾಗಿಲನ್ನು ಎಳೆದುಕೊಳ್ಳುತ್ತಿದ್ದ. ಸಂದಿಯಲ್ಲಿ ತೂರಿ ಒಳಗೆ ಬಿದ್ದೆ. ಶಿವಣ್ಣ ನನ್ನ ಅವತಾರವನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ಇದೇನೋ ಮಗಾ, ಸೈಕಲ್ ಎಲ್ಲೋ?"

"ಕೆಲಸಕ್ಕೆ ಹೋಗಿದೆ" ಎಂದೆ.